ಹನ್ನೊಂದು ಇಂಚಿನ ಲ್ಯಾಪ್‌ಟಾಪಿಗೆ ಯಾವ ಒಎಸ್ ಹಾಕುವುದು?

ಮಂಗಳೂರು, ಉಡುಪಿ ಕಡೆಯ ಬಹಳಷ್ಟು ಮನೆಗಳ ಕಪಾಟಿನಲ್ಲಿ ಈಗ ಒಂದು ಚಿಕ್ಕ ಲ್ಯಾಪ್‌ಟಾಪ್ ಸುಮ್ಮನೆ ಕೂತಿರುತ್ತದೆ. ಕೊರೋನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆಂದು ತಂದದ್ದು, ಡಿಗ್ರಿ ಓದುವಾಗ ಸರ್ಕಾರದಿಂದ ಸಿಕ್ಕಿದ್ದು, ಇಲ್ಲವೇ ದುಬೈಯಿಂದ ಬರುವಾಗ ಭಾವ ಹಿಡಿದುಕೊಂಡು ಬಂದದ್ದು. ಹನ್ನೊಂದು ಇಂಚಿನ ಪರದೆ, ಸೆಲೆರಾನ್ ಅಥವಾ ಆಟಮ್ ಪ್ರೊಸೆಸರ್, 2 ಅಥವಾ 4 ಜಿಬಿ ರ‍್ಯಾಮ್, 32 ಇಲ್ಲವೇ 64 ಜಿಬಿ ಡಿಸ್ಕ್. ಆನ್ ಮಾಡಿ ಚಾ ಕುಡಿದು ಬಂದರೂ ವಿಂಡೋಸಿನ ಚಕ್ರ ತಿರುಗುತ್ತಲೇ ಇರುತ್ತದೆ. ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ, ಬಳಸಲು ತಾಳ್ಮೆ ಸಾಲುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸುರಕ್ಷತಾ ಅಪ್‌ಡೇಟ್‌ಗಳು ನಿಂತವು. ಅಲ್ಲಿಂದ ಮೇಲೆ "ಇದಕ್ಕೆ ಬೇರೆ ಎಂತ ಹಾಕಬಹುದು ಮಾರಾಯ್ರೆ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕೇಳುವುದು ಒಎಸ್ ಬಗ್ಗೆ, ಅಂದರೆ ವಿಂಡೋಸಿನಂತೆ ಇಡೀ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದ ಬಗ್ಗೆ. ಹುಡುಕಲು ಹೊರಟರೆ ಇಪ್ಪತ್ತು ಹೆಸರುಗಳ ಪಟ್ಟಿ ಸಿಗುತ್ತದೆ, ಹೆಚ್ಚಿನವು ಲಿನಕ್ಸ್ ಎಂಬ ಉಚಿತ ಒಎಸ್‌ನ ಬೇರೆ ಬೇರೆ ರೂಪಗಳು. ಎಲ್ಲದರ ಮುಂದೆಯೂ ಹಗುರ, ವೇಗ, ಸುಂದರ ಎಂದು ಬರೆದಿರುತ್ತದೆ. ಆ ಪಟ್ಟಿಯಿಂದ ಶುರು ಮಾಡಿದರೆ ತಲೆ ಕೆಡುವುದು ಖಂಡಿತ. ನನ್ನ ಪ್ರಕಾರ ಚಿಕ್ಕ ಯಂತ್ರದ ವಿಷಯದಲ್ಲಿ ಮುಕ್ಕಾಲು ಭಾಗ ತೀರ್ಮಾನ ಮೊದಲೇ ಆಗಿರುತ್ತದೆ: ಅದರ ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು, ಮತ್ತು ಅದರಲ್ಲಿ ನೀವು ಯಾವ ಕಾರಣಕ್ಕೂ ಬಿಡಲಾಗದ ಕೆಲಸ ಯಾವುದು. ಒಬ್ಬರಿಗೆ ಅದು ಟ್ಯಾಲಿ. ಇನ್ನೊಬ್ಬರಿಗೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ ಹಳೆಯ ಫೈಲುಗಳು. ಮತ್ತೊಬ್ಬರಿಗೆ ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನ, ಅಷ್ಟೆ. ಆ ಒಂದು ಕೆಲಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಓದಿ.

ಮೊದಲು ಯಂತ್ರ ನೋಡಿ

ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್. ಪ್ರೊಸೆಸರಿನ ಹೆಸರು, ರ‍್ಯಾಮ್, 64-ಬಿಟ್ ಹೌದೋ ಅಲ್ಲವೋ ಎಲ್ಲ ಅಲ್ಲೇ ಸಿಗುತ್ತದೆ. ಒಂದು ಗೊಂದಲ ಇಲ್ಲಿ ಮಾಮೂಲು: ಒಳಗಿರುವ ವಿಂಡೋಸ್ 32-ಬಿಟ್ ಆಗಿದ್ದರೂ ಪ್ರೊಸೆಸರ್ 64-ಬಿಟ್ ಇರಬಹುದು. ಹತ್ತು ವರ್ಷ ಹಿಂದಿನ ಕೆಲವು ಆಟಮ್ ಯಂತ್ರಗಳದ್ದು ಇನ್ನೂ ವಿಚಿತ್ರ. ಪ್ರೊಸೆಸರ್ 64-ಬಿಟ್, ಆದರೆ ಅದನ್ನು ಎಬ್ಬಿಸುವ ಯುಇಎಫ್ಐ ಎಂಬ ಒಳತಂತ್ರಾಂಶ 32-ಬಿಟ್. ಇಂಥವು ಒಎಸ್ ಹಾಕಲು ತಯಾರಿಸಿದ ಹೆಚ್ಚಿನ ಪೆನ್‌ಡ್ರೈವುಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಪೆನ್‌ಡ್ರೈವ್ ಹಾಳಾಗಿದೆ ಎಂದುಕೊಂಡು ಹೊಸತು ತರಲು ಮಂಗಳೂರಿನ ಹಂಪನಕಟ್ಟೆಗೆ ಓಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ಡೆಬಿಯನ್ ಎಂಬ ಲಿನಕ್ಸಿನ ಇನ್‌ಸ್ಟಾಲರ್ ಇಂಥ ಯಂತ್ರಗಳನ್ನೂ ಗುರುತಿಸುತ್ತದೆ.

ಇನ್ನು ಡಿಸ್ಕ್. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಅದು ತಿರುಗುವ ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ ಎಂದು ಬರುತ್ತದೆ. ಅಗ್ಗದ ಯಂತ್ರಗಳಲ್ಲಿ ಬೋರ್ಡಿಗೇ ಬೆಸೆದ ಇಎಂಎಂಸಿ ಎಂಬ ಚಿಪ್ ರೂಪದ ಡಿಸ್ಕ್ ಇರುತ್ತದೆ. ಅದನ್ನು ಬದಲಿಸಲು ಆಗುವುದಿಲ್ಲ. ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ ಮಾತ್ರ ಈ ಇಡೀ ಲೇಖನವನ್ನು ಪಕ್ಕಕ್ಕಿಟ್ಟು ಮೊದಲು 256 ಜಿಬಿಯ ಒಂದು ಎಸ್‌ಎಸ್‌ಡಿ ಹಾಕಿಸಿ. ಯಾವ ಒಎಸ್ ಬದಲಾಯಿಸಿದರೂ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಹಿಂದಿನ ಮುಚ್ಚಳ ತೆಗೆದಾಗ ರ‍್ಯಾಮ್‌ಗೆ ಖಾಲಿ ಸ್ಲಾಟ್ ಇದೆಯೇ ಎಂದೂ ನೋಡಿಸಿ. ಹನ್ನೊಂದು ಇಂಚಿನವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ, ಆದರೂ ಕೇಳಿ ನೋಡಲು ಖರ್ಚಿಲ್ಲವಲ್ಲ.

ಈಗ ರ‍್ಯಾಮ್. ಹಗುರ ಎನ್ನುವ ಒಎಸ್‌ಗಳ ನಡುವಿನ ಪೈಪೋಟಿ ನಡೆಯುವುದು ಇನ್ನೂರು, ಮುನ್ನೂರು, ನಾನೂರು ಎಂಬಿಯ ಮೇಲೆ. ನೀವು ಬ್ರೌಸರ್ ತೆರೆದು ಜಿಮೇಲ್, ಒಂದು ಯೂಟ್ಯೂಬ್, ಒಂದು ಸುದ್ದಿ ತಾಣ ಹಾಕಿದ ಕೂಡಲೇ ಒಂದು ಜಿಬಿಗಿಂತ ಹೆಚ್ಚು ಅಲ್ಲಿಗೇ ಹೋಯಿತು. ಹಾಗಾಗಿ 4 ಜಿಬಿ ಯಂತ್ರದಲ್ಲಿ ಒಂದು ಲಿನಕ್ಸಿಗೂ ಇನ್ನೊಂದಕ್ಕೂ ಇರುವ ತೂಕದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನೋಡಲು ಯಾವುದು ಹಿತವೋ ಅದನ್ನು ಹಾಕಿ. 2 ಜಿಬಿ ಯಂತ್ರದಲ್ಲಿ ಅದೇ ಮುನ್ನೂರು ಎಂಬಿಗೆ ಒಂದು ಟ್ಯಾಬ್ ತೆರೆಯುತ್ತದೋ ಯಂತ್ರ ಸ್ತಬ್ಧವಾಗುತ್ತದೋ ಎನ್ನುವಷ್ಟು ಬೆಲೆ ಇದೆ.

ಹಾಕುವ ಮೊದಲು ಪೆನ್‌ಡ್ರೈವಿನಿಂದ ಓಡಿಸಿ ನೋಡಿ

ಲಿನಕ್ಸಿನ ದೊಡ್ಡ ಅನುಕೂಲ ಇದೇ. ಒಳಗಿನ ಡಿಸ್ಕನ್ನು ಮುಟ್ಟದೆ, ವಿಂಡೋಸನ್ನು ಅಳಿಸದೆ, ಪೆನ್‌ಡ್ರೈವಿನಿಂದಲೇ ಎಬ್ಬಿಸಿ ಇಡೀ ದಿನ ಬಳಸಿ ನೋಡಬಹುದು. ಇಷ್ಟವಾಗದಿದ್ದರೆ ಆಫ್ ಮಾಡಿ ಪೆನ್‌ಡ್ರೈವ್ ಕಿತ್ತರೆ ಆಯಿತು.

ನಾಲ್ಕೈದು ಒಎಸ್ ನೋಡಬೇಕೆಂದಿದ್ದರೆ ಪ್ರತಿಯೊಂದಕ್ಕೂ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುತ್ತಾ ಕೂರಬೇಡಿ. 32 ಜಿಬಿಯ ಒಂದೇ ಪೆನ್‌ಡ್ರೈವಿಗೆ ವೆಂಟಾಯ್ ಎಂಬ ಉಚಿತ ಸಾಧನ ಹಾಕಿ, ಅದರ ಮೇಲೆ ಐಎಸ್‌ಒ ಫೈಲುಗಳನ್ನು (ಒಂದೊಂದರಲ್ಲೂ ಒಂದು ಇಡೀ ಒಎಸ್ ಇರುತ್ತದೆ) ಹಾಡು ಕಾಪಿ ಮಾಡಿದಂತೆ ಕಾಪಿ ಮಾಡಿ. ಎಬ್ಬಿಸಿದಾಗ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಬಹುದು. ಒಂದೊಂದು ಐಎಸ್‌ಒ ಹೆಚ್ಚುಕಡಿಮೆ 3 ಜಿಬಿ ಇರುತ್ತದೆ. ಮೊಬೈಲಿನ ದಿನದ ಡೇಟಾದಲ್ಲಿ ಇಳಿಸಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಫೈಬರ್ ಇರುವ ನೆಂಟರ ಮನೆಗೆ ಹೋದಾಗ ಈ ಕೆಲಸ ಮುಗಿಸಿಕೊಳ್ಳಿ.

ಆನ್ ಮಾಡುವಾಗ ಒತ್ತಬೇಕಾದ ಕೀಲಿ: ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಮೊದಲು ಬಯೋಸ್, ಅಂದರೆ ಒಎಸ್‌ಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ಸ್, ಒಳಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕಾಗಬಹುದು. ಗುರುತಿಲ್ಲದ ಒಎಸ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರದಲ್ಲಿ ವೆಂಟಾಯ್ ಮೊದಲ ಸಲ ಒಂದು ನೀಲಿ ಪರದೆ ತೋರಿಸಿ ತನ್ನ ಕೀಲಿಯನ್ನು ಸೇರಿಸಿಕೊಳ್ಳಲು ಕೇಳುತ್ತದೆ. ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಬೇರೆ ಉಂಟು. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ನಿಮಗೆ ಗೊತ್ತಿಲ್ಲದೆಯೇ ಗೂಢಲಿಪಿಯ ಬೀಗ ಬಿದ್ದಿರುತ್ತದೆ, ಬಿಟ್‌ಲಾಕರ್ ಎನ್ನುವುದು ಅದಕ್ಕೇ. ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಬದಲಿಸಿದ ಮೇಲೆ ವಿಂಡೋಸಿಗೆ ಮರಳಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮೊದಲು ಸೈನ್ ಇನ್ ಮಾಡಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅಂಗಡಿಯ ಹುಡುಗನೇ ತನ್ನ ಯಾವುದೋ ಖಾತೆ ಮಾಡಿ ಕೊಟ್ಟಿದ್ದರೆ ಮನೆಯ ಫೋಟೋಗಳೆಲ್ಲ ಹೋದಂತೆಯೇ ಲೆಕ್ಕ. ಕೀಲಿ ಎಲ್ಲಿದೆ ಎಂದು ಕಣ್ಣಾರೆ ನೋಡಿ, ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಆಮೇಲಷ್ಟೇ ಬಯೋಸಿಗೆ ಕೈ ಹಾಕಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಇಲ್ಲದಿದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸಿನಿಂದ ಆ ಡಿಸ್ಕಿಗೆ ಬರೆಯಲು ಆಗುವುದಿಲ್ಲ.

ಪೆನ್‌ಡ್ರೈವಿನಿಂದ ಓಡಿಸುವಾಗ ವೇಗ ಅಳೆಯಬೇಡಿ, ಅದು ಪೆನ್‌ಡ್ರೈವಿನ ವೇಗ. ನೋಡಬೇಕಾದದ್ದು ಕೈಗೆ ಸಿಗುವ ಸಂಗತಿಗಳು. ವೈಫೈ ಹಿಡಿಯುತ್ತದೆಯೇ? ಕೆಲವು ಬ್ರಾಡ್‌ಕಾಮ್, ರಿಯಲ್‌ಟೆಕ್ ಚಿಪ್‌ಗಳು ಸತಾಯಿಸುತ್ತವೆ. ಆಗ ಆಂಡ್ರಾಯ್ಡ್ ಫೋನನ್ನು ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಸಾಮಾನ್ಯವಾಗಿ ತಕ್ಷಣ ಗುರುತಿಸುತ್ತದೆ, ಅದರ ಮೂಲಕ ಡ್ರೈವರ್ ಇಳಿಸಬಹುದು. ಧ್ವನಿ ಬರುತ್ತದೆಯೇ? ಆಟಮ್ ಮತ್ತು ಅಗ್ಗದ ಸೆಲೆರಾನ್ ಯಂತ್ರಗಳಲ್ಲಿ ಲಿನಕ್ಸಿಗೆ ಇದೇ ದೊಡ್ಡ ತಲೆನೋವು. ಸ್ಪೀಕರ್ ಮೌನವಾಗಿದ್ದರೆ ಹಾಕಿದ ಮೇಲೆ ಸರಿಯಾಗಬಹುದೆಂದು ನಂಬಿ ಮುಂದುವರಿಯಬೇಡಿ, ಇನ್ನೊಂದು ಒಎಸ್ ನೋಡಿ. ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಟಚ್‌ಪ್ಯಾಡ್, ಕ್ಯಾಮೆರಾ, ಮುಚ್ಚಿ ತೆರೆದಾಗ ಎಚ್ಚರವಾಗುವುದು, ಇವನ್ನೂ ಒಂದು ಸಲ ನೋಡಿಬಿಡಿ. ಕೊನೆಗೆ ಚೀಟಿಯಲ್ಲಿ ಬರೆದ ಆ ಕೆಲಸವನ್ನು ಅಲ್ಲೇ ಮಾಡಿ ನೋಡಿ. ಅದು ನಡೆಯದಿದ್ದರೆ ಉಳಿದದ್ದೆಲ್ಲ ಎಷ್ಟು ಚಂದ ಇದ್ದೂ ಉಪಯೋಗವಿಲ್ಲ.

ವಿಂಡೋಸಿನಲ್ಲೇ ಉಳಿಯುವುದು

ಲಿನಕ್ಸ್ ಅಭಿಮಾನಿಗಳು ಇದನ್ನು ಆಯ್ಕೆ ಎಂದೇ ಪರಿಗಣಿಸುವುದಿಲ್ಲ. ನಾನು ಪರಿಗಣಿಸುತ್ತೇನೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ವಿಂಡೋಸಿಗೆ ಮಾತ್ರ ಇರುವ ಯಾವುದಾದರೂ ಇಲಾಖೆಯ ತಂತ್ರಾಂಶ ಬಳಸುವವರು, ಪರೀಕ್ಷೆಗೆ ನಿಗಾ ತಂತ್ರಾಂಶ ಹಾಕಿಕೊಳ್ಳಲೇಬೇಕಾದ ವಿದ್ಯಾರ್ಥಿಗಳು ಸುಮ್ಮನೆ ವಿಂಡೋಸಿನಲ್ಲೇ ಇರುವುದು ಒಳ್ಳೆಯದು. ಲಿನಕ್ಸಿನೊಳಗೆ ವೈನ್ ಹಾಕಿ ವಿಂಡೋಸ್ ತಂತ್ರಾಂಶ ಓಡಿಸಬಹುದು ಎಂದು ಯಾರಾದರೂ ಹೇಳಿದರೆ, ಸಂಜೆ ಹೊತ್ತು ಕಳೆಯಲು ಮಾಡಿ. ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ದಿನ ಮಾಡಬೇಡಿ.

ವಿಂಡೋಸ್ 10 ಇರುವವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ವಿಸ್ತರಿತ ಅಪ್‌ಡೇಟ್ ಇಟ್ಟಿತು, 2026ರ ಅಕ್ಟೋಬರ್ 13ರವರೆಗೆ. ದುಡ್ಡು ಕೊಟ್ಟು ಪಡೆಯಬಹುದು, ಇಲ್ಲವೇ ಸೆಟ್ಟಿಂಗ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡಿಲ್ಲದೆಯೂ ಸಿಗುವಂತೆ ಮಾಡಿದರು. ಸ್ವಲ್ಪ ಉಸಿರಾಡಲು ಅವಕಾಶ, ಅಷ್ಟೆ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಸುರಕ್ಷತಾ ಅಂಗ, ಸೆಕ್ಯೂರ್ ಬೂಟ್ ಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಬರುವ ಸೆಲೆರಾನ್ ಎನ್4000, ಎನ್4020 ಆ ಪಟ್ಟಿಯಲ್ಲಿವೆ. ಅದಕ್ಕಿಂತ ಹಿಂದಿನ ಎನ್3350 ಇಲ್ಲ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಸುಖ ಎಂದುಕೊಳ್ಳಬೇಡಿ, 4 ಜಿಬಿಯಲ್ಲಿ ವಿಂಡೋಸ್ 11 ಎದ್ದು ಕೂರುವಷ್ಟರಲ್ಲೇ ಅರ್ಧ ರ‍್ಯಾಮ್ ಖಾಲಿ. 32 ಜಿಬಿ ಇಎಂಎಂಸಿ ಯಂತ್ರಗಳಿಗಂತೂ ಈ ದಾರಿ ಮುಚ್ಚಿದೆ. ಅವುಗಳಲ್ಲಿ ವಿಂಡೋಸ್ 10ರ ದೊಡ್ಡ ಅಪ್‌ಡೇಟಿಗೇ ಜಾಗ ಸಾಲುತ್ತಿರಲಿಲ್ಲ. ಈ ಷರತ್ತುಗಳ ಪರೀಕ್ಷೆ ತಪ್ಪಿಸಿ ಹಾಕುವ ಉಪಾಯಗಳು ಇವೆ, ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಭರವಸೆ ಇಲ್ಲವೆಂದು ಮೈಕ್ರೋಸಾಫ್ಟೇ ಹೇಳುತ್ತದೆ. ಯಾರೋ ಕತ್ತರಿಸಿ ಹಗುರ ಮಾಡಿದ ವಿಂಡೋಸ್ ಎಂದು ಹಂಚುವ ಐಎಸ್‌ಒಗಳಲ್ಲಿ ಏನು ಕತ್ತರಿಸಿದ್ದಾರೆ, ಏನು ಸೇರಿಸಿದ್ದಾರೆ ಎಂದು ದೇವರಿಗೇ ಗೊತ್ತು. ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವ ಯಂತ್ರಕ್ಕೆ ಅದು ಬೇಡ.

ಕ್ರೋಮ್‌ಒಎಸ್ ಫ್ಲೆಕ್ಸ್

2022ರ ಜುಲೈಯಲ್ಲಿ ಗೂಗಲ್ ಬಿಡುಗಡೆ ಮಾಡಿದ್ದು, ಉಚಿತ. ಹಳೆಯ ಪಿಸಿಯನ್ನು ಕ್ರೋಮ್‌ಬುಕ್ಕಿನಂತೆ ಮಾಡುತ್ತದೆ. 64-ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಸಾಕು ಎನ್ನುತ್ತಾರೆ. ಕ್ರೋಮ್ ಬ್ರೌಸರಿಗೆ ಅವರದ್ದೇ ರಿಕವರಿ ಯುಟಿಲಿಟಿ ಸೇರಿಸಿ 8 ಜಿಬಿ ಪೆನ್‌ಡ್ರೈವ್ ತಯಾರಿಸಿಕೊಂಡರೆ ಇದನ್ನೂ ಹಾಕದೆಯೇ ಓಡಿಸಿ ನೋಡಬಹುದು. ಇದು ವೆಂಟಾಯ್ ಪಟ್ಟಿಗೆ ಸೇರುವ ಜಾತಿಯಲ್ಲ, ಬೇರೆಯೇ ಪೆನ್‌ಡ್ರೈವ್ ಇಟ್ಟುಕೊಳ್ಳಿ.

ಫೋನಿನಲ್ಲಿ ವಾಟ್ಸ್ಆಪ್, ಯೂಟ್ಯೂಬ್ ಬಳಸಲು ಬರುವ ಯಾರಿಗೂ ಇದನ್ನು ಕಲಿಸಬೇಕಾಗಿಲ್ಲ. ಅಪ್‌ಡೇಟ್ ತಾನಾಗಿ ಆಗುತ್ತದೆ, ಹಾಳು ಮಾಡಲು ಹೋದರೂ ಸುಲಭಕ್ಕೆ ಹಾಳಾಗುವುದಿಲ್ಲ. ಊರಿನಲ್ಲಿ ಅಪ್ಪ ಅಮ್ಮ, ಮಕ್ಕಳು ಬೆಂಗಳೂರಿನಲ್ಲಿ ಎನ್ನುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ.

ಜನ ಮೋಸಹೋಗುವುದು ಎರಡು ಕಡೆ. ಅಂಗಡಿಯಲ್ಲಿ ಸಿಗುವ ಕ್ರೋಮ್‌ಬುಕ್ಕಿನಲ್ಲಿ ಆಂಡ್ರಾಯ್ಡ್ ಆಪ್ ನಡೆಯುತ್ತದೆ ಎಂದು ಕೇಳಿ ಇದನ್ನು ಹಾಕುತ್ತಾರೆ, ಫ್ಲೆಕ್ಸಿನಲ್ಲಿ ಪ್ಲೇ ಸ್ಟೋರ್ ಇಲ್ಲವೇ ಇಲ್ಲ. ಮತ್ತೆ, ಹಾಕಿದರೆ ಇಡೀ ಡಿಸ್ಕನ್ನು ಒರೆಸಿಯೇ ಹಾಕುತ್ತದೆ, ವಿಂಡೋಸ್ ಪಕ್ಕದಲ್ಲಿ ಇಟ್ಟುಕೊಳ್ಳಲು ಆಗದು. ಗೂಗಲ್ ತಾನು ಪರೀಕ್ಷಿಸಿದ ಮಾಡೆಲ್‌ಗಳ ಪಟ್ಟಿ ಕೊಟ್ಟಿದೆ, ಎಷ್ಟು ವರ್ಷ ಬೆಂಬಲ ಎಂಬುದೂ ಅದರಲ್ಲಿದೆ. ನಿಮ್ಮ ಮಾಡೆಲ್ ಅದರಲ್ಲಿದ್ದರೆ ನಿಶ್ಚಿಂತೆ, ಇಲ್ಲದಿದ್ದರೆ ಪೆನ್‌ಡ್ರೈವ್ ಪರೀಕ್ಷೆಯೇ ಗತಿ. ನೆಟ್ ಇಲ್ಲದ ಮನೆಯಲ್ಲಿ ಇದು ಹೆಚ್ಚು ಪ್ರಯೋಜನಕ್ಕೆ ಬಾರದು.

ಲಿನಕ್ಸ್: ಮಿಂಟ್, ಲುಬುಂಟು, ಆಂಟಿಎಕ್ಸ್

4 ಜಿಬಿ ಇದ್ದವರಿಗೆ ನನ್ನ ಓಟು ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಗೆ. ಮಿಂಟಿನಲ್ಲಿ ಸಿನಮನ್, ಮಾಟೆ ಎಂಬ ರೂಪಗಳೂ ಇವೆ, ಚಿಕ್ಕ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಸಾಕು. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು: ವಿಂಡೋಸ್ 7 ಬಳಸಿದವರ ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. 22ರ ಸರಣಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಉಂಟು. 1366 ಬೈ 768ರ ಪರದೆಯಲ್ಲಿ ಕಿಟಕಿಗಳ ಓಕೆ ಗುಂಡಿ ಕೆಳಗೆ ಮುಳುಗಿಹೋಗುವ ರಗಳೆ ಕಡಿಮೆ. ಡಿಸ್ಕ್ ಕನಿಷ್ಠ 20 ಜಿಬಿ ಕೇಳುತ್ತದೆ, ಹಾಗಾಗಿ 32 ಜಿಬಿ ಇಎಂಎಂಸಿಯಲ್ಲೂ ಕೂರುತ್ತದೆ. ಆದರೆ ಅಲ್ಲಿ ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ಸಾಧನವನ್ನು ಅದೇ ಡಿಸ್ಕಿಗೆ ದಿನಾ ಓಡಲು ಬಿಟ್ಟರೆ ಕೆಲವೇ ವಾರದಲ್ಲಿ ಜಾಗ ತುಂಬಿ ಯಂತ್ರ ಲಾಗಿನ್ ಕೂಡ ಆಗದೆ ನಿಲ್ಲಬಹುದು. ಒಂದೇ ಪ್ರತಿ ಇಡುವಂತೆ ಮಾಡಿ, ಇಲ್ಲವೇ ಹೊರಗಿನ ಡಿಸ್ಕಿಗೆ ತೋರಿಸಿ.

ಲುಬುಂಟು ಉಬುಂಟುವಿನ ತೆಳ್ಳಗಿನ ತಮ್ಮ. ಎಲ್‌ಎಕ್ಸ್‌ಕ್ಯೂಟಿ ಎಂಬ ಡೆಸ್ಕ್‌ಟಾಪ್, ಮಿಂಟಿಗಿಂತ ಸ್ವಲ್ಪ ಕಡಿಮೆ ರ‍್ಯಾಮ್. ದೀರ್ಘಾವಧಿಯ ಎಲ್‌ಟಿಎಸ್ ಆವೃತ್ತಿಗೆ ಮೂರು ವರ್ಷ ಬೆಂಬಲ. ಇದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಭಾರದ ಪೊಟ್ಟಣದ ರೂಪದಲ್ಲಿ ಬರುತ್ತದೆ, ಇಎಂಎಂಸಿ ಡಿಸ್ಕಿನಲ್ಲಿ ಮೊದಲ ಸಲ ತೆರೆಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದರೆ ಹಗುರ ಡೆಸ್ಕ್‌ಟಾಪಿನಿಂದ ಉಳಿದ ಸಮಯವೆಲ್ಲ ಅಲ್ಲಿಗೇ ಲೆಕ್ಕ ಚುಕ್ತಾ. 2 ಜಿಬಿ ಯಂತ್ರಕ್ಕೆ ಹಾಕುವುದಾದರೆ ಸ್ನ್ಯಾಪ್ ತೆಗೆದು ಮಾಮೂಲಿ ಫೈರ್‌ಫಾಕ್ಸ್ ಹಾಕಿಸಿಕೊಳ್ಳಿ, ಝಡ್‌ರ‍್ಯಾಮ್ ಆನ್ ಮಾಡಿ. ಝಡ್‌ರ‍್ಯಾಮ್ ಎಂದರೆ ರ‍್ಯಾಮ್‌ನೊಳಗಿನದನ್ನೇ ಒತ್ತಿ ಚಿಕ್ಕದು ಮಾಡಿ ಇಡುವ ವ್ಯವಸ್ಥೆ. ಜಾಗ ಸಾಲದಾಗ ಅದನ್ನು ಡಿಸ್ಕಿಗೆ ಸಾಗಿಸುವುದಕ್ಕಿಂತ (ಸ್ವ್ಯಾಪ್) ಎಷ್ಟೋ ವೇಗ, ಇಎಂಎಂಸಿಯ ಸವೆತವೂ ಕಡಿಮೆ.

2 ಜಿಬಿಗಿಂತ ಕಡಿಮೆ ಅಥವಾ ನಿಜವಾದ 32-ಬಿಟ್ ಪ್ರೊಸೆಸರ್ ಎಂದಾದರೆ ಬಾಗಿಲುಗಳು ಒಂದೊಂದೇ ಮುಚ್ಚುತ್ತಿವೆ. ಮಿಂಟ್ 2020ರಲ್ಲೇ ತನ್ನ ಮುಖ್ಯ ಆವೃತ್ತಿಯಲ್ಲಿ 32-ಬಿಟ್ ಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ಕ್ಕೆ 32-ಬಿಟ್ ಪಿಸಿಯ ಇನ್‌ಸ್ಟಾಲರೇ ಇಲ್ಲ. ಉಳಿದಿರುವುದರಲ್ಲಿ ಆಂಟಿಎಕ್ಸ್ ಗಟ್ಟಿ ಆಳು. ಐಸ್‌ಡಬ್ಲ್ಯೂಎಂ ಎಂಬ ಹಳೆಯ ಕಾಲದ ಡೆಸ್ಕ್‌ಟಾಪ್, ಮುನ್ನೂರು ಎಂಬಿಯ ಆಸುಪಾಸಿನಲ್ಲಿ ಎದ್ದು ನಿಲ್ಲುತ್ತದೆ. ನೋಡಲು ಸಪ್ಪೆ, ಸೆಟ್ಟಿಂಗ್ಸ್ ಎಲ್ಲೆಲ್ಲೋ ಹಂಚಿಹೋಗಿವೆ, ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಕುತೂಹಲ ಇರುವವರಿಗೆ ಖುಷಿ ಕೊಡುತ್ತದೆ. ಅತ್ತೆಯವರ ಯಂತ್ರಕ್ಕೆ ಹಾಕಿ ಕೊಟ್ಟರೆ ವಾರಕ್ಕೆರಡು ಸಲ ಫೋನ್ ಬರುವುದು ಗ್ಯಾರಂಟಿ.

ಪಪ್ಪಿ ಲಿನಕ್ಸ್ ಇಡೀ ರ‍್ಯಾಮ್‌ನಲ್ಲೇ ಕೂತು ಓಡುತ್ತದೆ. ದಿನಬಳಕೆಗೆ ಅಲ್ಲ, ಎದ್ದೇಳದ ವಿಂಡೋಸಿನಿಂದ ಫೋಟೋ ತೆಗೆಯಲು ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಉಬುಂಟುವಿನ ಮುಖ್ಯ ಆವೃತ್ತಿ, ಫೆಡೋರಾ ಎರಡೂ ಒಳ್ಳೆಯವು, 8 ಜಿಬಿ ಇದ್ದರೆ. ಕೇಂದ್ರ ಸರ್ಕಾರದ ಸಿಡ್ಯಾಕ್ ಸಂಸ್ಥೆಯವರ ಬಾಸ್ ಲಿನಕ್ಸ್ ನಮ್ಮ ದೇಶದ್ದು ಎಂದು ಹಲವರು ಕೇಳುತ್ತಾರೆ. ಅದೂ ಡೆಬಿಯನ್ ಮೇಲೆ ಕಟ್ಟಿದ್ದೇ, ಚಿಕ್ಕ ಯಂತ್ರಕ್ಕೆಂದು ವಿಶೇಷ ಲಾಭವೇನೂ ಇಲ್ಲ. ಹೈಕು ಎಂಬ ಇನ್ನೊಂದು ಇದೆ, ಲಿನಕ್ಸೂ ಅಲ್ಲ ವಿಂಡೋಸೂ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಐದನೇ ಬೀಟಾ ಬಂತು. ಅಷ್ಟು ಚುರುಕಾಗಿ ಏಳುವ ಒಎಸ್ ಇನ್ನೊಂದಿಲ್ಲ, ಆದರೆ ವೈಫೈ, ವೀಡಿಯೋ ಕಾಲ್ ಎಂದು ಹೋದರೆ ಕೈಕೊಡುತ್ತದೆ. ಭಾನುವಾರದ ಆಟಕ್ಕೆ ಸರಿ.

ಕನ್ನಡ ಬರೆಯುವವರಿಗೆ

ಇಲ್ಲಿ ಲಿನಕ್ಸಿನ ಬಗ್ಗೆ ಇರುವ ಹೆದರಿಕೆ ಹಳೆಯದು. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸವಾದವರಿಗೆ ಬೇಕಾದದ್ದು ಕಗಪ ವಿನ್ಯಾಸ, ಅದು ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲೇ ಉಂಟು. ಮಿಂಟಿನ ಕೀಬೋರ್ಡ್ ಸೆಟ್ಟಿಂಗ್ಸಿನಲ್ಲಿ ಕನ್ನಡ ಎಂದು ಹುಡುಕಿದರೆ ಮಾಮೂಲಿ ಕನ್ನಡದ ಜೊತೆ ಕಗಪ ಎಂಬುದೂ ಬರುತ್ತದೆ, ಬೇರೇನೂ ಇಳಿಸಬೇಕಾಗಿಲ್ಲ. ಈ ವಿನ್ಯಾಸದ ಬೇರು ನಮ್ಮ ಕಡೆಯದೇ: ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಉಚ್ಚಾರ ಆಧಾರಿತ ಕೀಲಿಮಣೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡಿಕೊಳ್ಳುವವರಿಗೆ ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆ ಐಟ್ರಾನ್ಸ್ ವಿನ್ಯಾಸ ಸಿಗುತ್ತದೆ. ವಿಂಡೋಸಿನಲ್ಲೂ 2019ರ ಮೇ ಅಪ್‌ಡೇಟಿನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗೇ ಬರುತ್ತಿದೆ. ಫಾಂಟುಗಳಿಗೆ ಬರವಿಲ್ಲ. ಲೋಹಿತ್, ನೋಟೋ ಜೊತೆಗೆ ಗುಬ್ಬಿ, ನವಿಲು ಎಂಬ ಕನ್ನಡದ ಫಾಂಟುಗಳು ಡೆಬಿಯನ್, ಉಬುಂಟು ಭಂಡಾರದಲ್ಲೇ ಇವೆ.

ನಿಜವಾದ ತೊಂದರೆ ಹಳೆಯ ನುಡಿ ಫೈಲುಗಳದ್ದು. ಯೂನಿಕೋಡ್ ಬರುವ ಮೊದಲಿನ ಆ ಫೈಲುಗಳಲ್ಲಿ ಇರುವುದು ಕನ್ನಡವಲ್ಲ, ಕನ್ನಡದಂತೆ ಕಾಣುವ ಲ್ಯಾಟಿನ್ ಸಂಕೇತಗಳು. ನುಡಿಯ ಫಾಂಟ್ ಫೈಲುಗಳನ್ನು ಲಿನಕ್ಸಿಗೆ ಕಾಪಿ ಮಾಡಿಕೊಂಡರೆ ಲಿಬ್ರೆಆಫೀಸಿನಲ್ಲಿ ಓದಲು ಆಗುತ್ತದೆ, ತಿದ್ದಲು ಕಷ್ಟ. ಪತ್ರಿಕೆಗೋ ಪ್ರೆಸ್ಸಿಗೋ ಇಂದೂ ಆ ರೂಪದಲ್ಲೇ ಕಳಿಸಬೇಕಾದವರು ವಿಂಡೋಸ್ ಬಿಡುವ ಯೋಚನೆ ಮಾಡಬೇಡಿ. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಂಡರೆ ಸಾಕು ಎನ್ನುವವರು ಒಂದೇ ಸಲಕ್ಕೆ ಎಲ್ಲವನ್ನೂ ಪರಿವರ್ತಿಸಿ, ಆಮೇಲೆ ಹೊರಡಿ. ತುಳು ಲಿಪಿಯ ಆಸಕ್ತರಿಗೆ ಒಂದು ಮಾತು: ತುಳು-ತಿಗಳಾರಿ 2024ರ ಸೆಪ್ಟೆಂಬರಿನ ಯೂನಿಕೋಡ್ 16ರಲ್ಲಿ ಸೇರಿದೆ. ಅದಕ್ಕಿಂತ ಹಿಂದಿನ ಒಎಸ್‌ಗಳಲ್ಲಿ ಅದು ಬರೀ ಚೌಕಗಳಾಗಿ ಕಾಣುತ್ತದೆ, ಯಾವುದೇ ಬಣದ್ದಾಗಿರಲಿ.

ಲಿನಕ್ಸ್ ಮಕ್ಕಳಿಗೆ ಕಷ್ಟ ಎನ್ನುವವರು ಕೇರಳ ಗಡಿಯ ತಲಪಾಡಿ ಗೇಟ್ ದಾಟಿ ನೋಡಿ. ಕೇರಳದ ಶಾಲೆಗಳಲ್ಲಿ ಉಬುಂಟು ಮೇಲೆ ಕಟ್ಟಿದ ಕೈಟ್ ಲಿನಕ್ಸೇ ಪಾಠ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಪ್ರಿಂಟರ್, ಮಳೆ, ಯಕ್ಷಗಾನ

ಎಚ್‌ಪಿ ಪ್ರಿಂಟರುಗಳು ಲಿನಕ್ಸಿನಲ್ಲಿ ಹೆಚ್ಚಾಗಿ ತೊಂದರೆ ಕೊಡುವುದಿಲ್ಲ, ಬ್ರದರ್ ಕಂಪೆನಿ ತಾನೇ ಲಿನಕ್ಸ್ ಡ್ರೈವರ್ ಕೊಡುತ್ತದೆ. ಜೆರಾಕ್ಸ್ ಅಂಗಡಿಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ2900 ಮಾತ್ರ ತನ್ನದೇ ಭಾಷೆಯಲ್ಲಿ ಮಾತಾಡುವ ಪ್ರಿಂಟರ್, ಲಿನಕ್ಸಿನಲ್ಲಿ ಅದನ್ನು ಪಳಗಿಸಲು ಒಂದು ಸಂಜೆ ಬೇಕು. ಕ್ರೋಮ್‌ಒಎಸ್ ಫ್ಲೆಕ್ಸಿಗೆ ಅದು ಸಿಗುವುದೇ ಇಲ್ಲ ಎಂದುಕೊಳ್ಳಿ. ಮನೆಯಲ್ಲಿ ಆ ಪ್ರಿಂಟರ್ ಇದ್ದರೆ ಅದನ್ನೂ ಚೀಟಿಯಲ್ಲಿ ಬರೆಯಿರಿ.

ಜೂನ್, ಜುಲೈಯಲ್ಲಿ ಒಎಸ್ ಹಾಕಲು ಕೂತರೆ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೊದಲು ನೋಡಿ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ, ಡಿಸ್ಕ್ ಭಾಗ ಮಾಡುವ ಹೊತ್ತಿಗೆ ಕರೆಂಟ್ ಹೋದರೆ ಎರಡೂ ಒಎಸ್ ಇಲ್ಲದ ಸ್ಥಿತಿ ಬರುತ್ತದೆ. ಇನ್ವರ್ಟರಿನ ಪ್ಲಗ್ಗಿಗೆ ಹಾಕಿಕೊಂಡು ಕೂರಿ. ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರ ನಮ್ಮ ತೇವ, ಉಪ್ಪುಗಾಳಿಗೆ ಒಳಗಿಂದ ತುಕ್ಕು ಹಿಡಿಯುತ್ತದೆ. ಕೀಬೋರ್ಡಿನ ನಾಲ್ಕು ಕೀಲಿ ಒತ್ತದಿದ್ದರೆ ಅದಕ್ಕೆ ಒಎಸ್ ಬದಲಿಸಿ ಪ್ರಯೋಜನವಿಲ್ಲ.

ವೀಡಿಯೋ ತಡವರಿಸಿದರೆ ಕೂಡಲೇ ಒಎಸ್ ಮೇಲೆ ತಪ್ಪು ಹೊರಿಸಬೇಡಿ. ಯೂಟ್ಯೂಬ್ ಈಗ ಕಳಿಸುವ ವಿಪಿ9, ಎವಿ1 ರೂಪಗಳನ್ನು ಬಿಡಿಸುವ ಅಂಗ ಹಳೆಯ ಆಟಮ್ ಚಿಪ್‌ಗಳಲ್ಲಿ ಇಲ್ಲ, ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್264ಇಫೈ ಎಂಬ ಚಿಕ್ಕ ಎಕ್ಸ್‌ಟೆನ್ಷನ್ ಬ್ರೌಸರಿಗೆ ಹಾಕಿದರೆ ಹಳೆಯ ಎಚ್.264 ರೂಪವನ್ನೇ ತರಿಸಿಕೊಳ್ಳುತ್ತದೆ. ಗುಣಮಟ್ಟ 480ಪಿಗೆ ಇಟ್ಟರೆ ಹನ್ನೊಂದು ಇಂಚಿನಲ್ಲಿ ವೇಷದ ಬಣ್ಣಕ್ಕೇನೂ ಕೊರತೆಯಿಲ್ಲ, ಬೆಳಗಿನವರೆಗೆ ಆಟ ನೋಡಬಹುದು.

ಯಾರಿಗೆ ಯಾವುದು

ಸುರತ್ಕಲ್ಲಿಗೋ ನಿಟ್ಟೆಗೋ ಇಂಜಿನಿಯರಿಂಗಿಗೆ ಹೊರಟ ಹುಡುಗ ಹುಡುಗಿಯರಿಗೆ 4 ಜಿಬಿಯಲ್ಲಿ ಮಿಂಟ್ ಎಕ್ಸ್‌ಎಫ್‌ಸಿಇ. ಸಿ, ಪೈಥಾನ್ ಲ್ಯಾಬ್ ಎಲ್ಲ ಆರಾಮ, ಲಿನಕ್ಸ್ ಕಲಿತದ್ದು ಮುಂದೆ ಉಪಯೋಗಕ್ಕೂ ಬರುತ್ತದೆ. ಆಂಡ್ರಾಯ್ಡ್ ಸ್ಟುಡಿಯೋ ಹಾಕುತ್ತೇನೆ ಎಂದರೆ ಯಾವ ಒಎಸ್ ಕೂಡ ಈ ಯಂತ್ರವನ್ನು ಕಾಪಾಡದು. ಅಪ್ಪ ಅಮ್ಮನಿಗೆ ಫ್ಲೆಕ್ಸ್, ಅದು ಒಪ್ಪದ ಯಂತ್ರವಾದರೆ ಮಿಂಟ್. ಮಿಂಟ್ ಹಾಕಿದರೆ ದೂರದಿಂದ ಸರಿಮಾಡಿಕೊಡಲು ಎನಿಡೆಸ್ಕಿನಂಥದ್ದೊಂದನ್ನು ಮೊದಲೇ ಹಾಕಿಟ್ಟು ಬನ್ನಿ. ಅಂಗಡಿ, ಲೆಕ್ಕ, ನುಡಿ, ಪ್ರೆಸ್ ಇರುವವರಿಗೆ ವಿಂಡೋಸ್, ಅದೂ ಬೇರೆ ಯಂತ್ರದಲ್ಲಿ. ಈ ಚಿಕ್ಕದನ್ನು ಮನೆಗೆ ಬಿಟ್ಟುಕೊಡಿ. 2 ಜಿಬಿಯವರಿಗೆ ಲುಬುಂಟು, ಒಂದು ಹೊತ್ತಿಗೆ ಎರಡೇ ಟ್ಯಾಬ್ ಎಂಬ ಒಪ್ಪಂದದ ಮೇಲೆ.

ವಿಂಡೋಸ್, ಲಿನಕ್ಸ್ ಎರಡನ್ನೂ ಪಕ್ಕಪಕ್ಕ ಇಡುವ ಆಸೆ 128 ಜಿಬಿಗಿಂತ ಕಡಿಮೆ ಡಿಸ್ಕಿನಲ್ಲಿ ಬೇಡ, ಎರಡಕ್ಕೂ ಜಾಗ ಸಾಲದೆ ಎರಡೂ ನರಳುತ್ತವೆ. ಪೂರ್ತಿ ಒರೆಸಿ ಹಾಕುವ ಮೊದಲು, ವಿಂಡೋಸ್ ಇನ್ನೂ ಏಳುತ್ತಿರುವಾಗಲೇ, 16 ಜಿಬಿಯ ಇನ್ನೊಂದು ಪೆನ್‌ಡ್ರೈವಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಡಿ. ವಿಂಡೋಸ್ 10, 11ರ ಡಿಜಿಟಲ್ ಲೈಸೆನ್ಸ್ ಅದೇ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಮುಂದೆ ಯಾವಾಗಲಾದರೂ ಮರಳಿ ಹಾಕಿದರೆ ನೆಟ್‌ಗೆ ಜೋಡಿಸಿದ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ, ಅದಕ್ಕೆಂದು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.